ಬದನೆಕಾಯಿಗೆ ಚುಚ್ಚಿದ ಸೂಜಿ

ಇವತ್ತು ಎಣಗಾಯಿಗೆಂದು ಬದನೆಕಾಯಿ ಸೀಳಲು ಕೂತಾಗ ಒಂದರ ಮೇಲೆ ಸಣ್ಣ ತೂತು ಕಂಡಿತು. ಹುಳ ಕೊರೆದದ್ದೇ ಇರಬೇಕು. ಆದರೂ ಕೈ ನಿಂತುಬಿಟ್ಟಿತು. ಎದುರುಮನೆ ಅಕ್ಕ ಇಂಜೆಕ್ಷನ್ ಕೊಡಲು ಕಲಿತದ್ದು ಇಂಥ ಕಾಯಿಗಳ ಮೇಲೆಯೇ...

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಅವರು ಬ್ಲೌಸ್ ಹೊಲಿಯುತ್ತಿದ್ದರು. ನಾನು ಹೊಸ ಸೊಸೆ. ಕಣಜ ಕಡಿದರೆ ನನಗೆ ಗಂಟಲು ಕಟ್ಟಿ ಉಸಿರೇ ನಿಲ್ಲುವಂತಾಗುತ್ತದೆ ಎಂಬುದನ್ನು ತವರಿನವರು ಮದುವೆಗೆ ಮುಂಚೆ ಮುಚ್ಚಿಟ್ಟಿದ್ದರು. ಇಂಜೆಕ್ಷನ್ ಹತ್ತಿರವೇ ಇರಲಿ, ಅದನ್ನು ಕೊಡುವುದು ಹೇಗೆಂದು ಮನೆಯವರಿಗೆ ಕಲಿಸಿ ಎಂದು ಡಾಕ್ಟರು ಹೇಳಿದ್ದರು. ಕಲಿಸಬೇಕೆಂದರೆ ಮೊದಲು ಹೇಳಬೇಕಲ್ಲ! ರೋಗದ ಹುಡುಗಿಯನ್ನು ಗಂಟುಹಾಕಿದರು ಎಂದಾರೆಂಬ ಹೆದರಿಕೆ. ಮನೆಯಲ್ಲಿ ಬ್ಲೌಸ್ ಪೀಸ್ ತರುವ ನೆಪ ಹೇಳಿ ಅಕ್ಕನನ್ನೇ ಡಾಕ್ಟರ ಹತ್ತಿರ ಕರೆದೊಯ್ದೆ.

ಔಷಧ ಎಳೆದುಕೊಳ್ಳುವುದು, ತೊಡೆಯ ಹೊರಮಗ್ಗುಲಿಗೆ ಸೀರೆಯ ಮೇಲಿಂದಲೇ ಚುಚ್ಚುವುದು, ತಡಮಾಡದೆ ದವಾಖಾನೆಗೆ ಒಯ್ಯುವುದು, ಎಲ್ಲವನ್ನೂ ಅಲ್ಲಿ ಕಲಿತರು. ಮನೆಗೆ ಬಂದು ಸಿರಿಂಜಿಗೆ ನೀರು ತುಂಬಿ ಬದನೆಕಾಯಿಗೆ ಚುಚ್ಚುತ್ತಿದ್ದರು. "ಹುಟ್ಟಾ ಸೂಜಿ ಹಿಡದಾಕಿ ನಾನು, ಈ ಸೂಜಿ ಕಂಡ್ರ ಕೈ ನಡಗತೈತಿ ನೋಡವಾ" ಎಂದು ನಗುತ್ತಿದ್ದರು. ನೀರು ಕುಡಿದ ಆ ಕಾಯಿಗಳು ಸಂಜೆ ಪಲ್ಯವಾಗುತ್ತಿದ್ದವು. ಔಷಧ ಅವರ ಗುಂಡಿ ಡಬ್ಬಿಯಲ್ಲಿತ್ತು.

ಒಂದು ದಿನ ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವುತ್ತಿದ್ದಾಗ ಕುತ್ತಿಗೆಗೆ ಕಣಜ ಕಡಿಯಿತು. ಹೇಗೋ ಕೆಳಗಿಳಿದು ಪಡಸಾಲೆಯಲ್ಲಿ ಕುಸಿದೆ. ಅತ್ತೆ ಸುಣ್ಣ ಹಚ್ಚಿದರು. ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಗದ್ದಲ ಕೇಳಿ ಅಕ್ಕ ಡಬ್ಬಿ ಹಿಡಿದು ಓಡಿ ಬಂದರು. ಅತ್ತೆ ಕೈ ಅಡ್ಡ ಹಿಡಿದರು.

"ಏನ್ ಚುಚ್ಚಾಕ ಹೊಂಟೀಯವಾ ನನ್ನ ಸೊಸಿಗೆ? ಈಕಿ ಹೇಳ್ಯಾಳೇನು ನಿನಗ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಜೀವ ಹೋಗುತ್ತಿದ್ದಾಗಲೂ ಗುಟ್ಟೇ ದೊಡ್ಡದಾಗಿತ್ತು ನನಗೆ. ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಅತ್ತೆಯ ಕೈ ಸರಿಸಿ ಚುಚ್ಚಿಯೇಬಿಟ್ಟರು.

ಆ ಇಂಜೆಕ್ಷನ್ನೇ ನನ್ನನ್ನು ಉಳಿಸಿತೆಂದು ದವಾಖಾನೆಯಲ್ಲಿ ಡಾಕ್ಟರು ನನ್ನೊಬ್ಬಳಿಗೇ ಹೇಳಿದರು. ನಾನು ಅದನ್ನು ಮನೆಗೆ ತರಲಿಲ್ಲ. ತಾನು ಹಚ್ಚಿದ ಸುಣ್ಣಕ್ಕೇ ಸೊಸೆ ಉಳಿದಳು, ಎದುರುಮನೆಯಾಕೆ ಯಾರನ್ನೂ ಕೇಳದೆ ಸೂಜಿ ಚುಚ್ಚಿದಳು ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮನೆಯ ಬಟ್ಟೆಗಳೆಲ್ಲ ಬೇರೆ ಟೇಲರ್ ಕಡೆ ಹೋದವು. ನನ್ನವೂ ಹೋದವು. ಕೊಡಲು ಹೋದವಳು ನಾನೇ. ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಎಷ್ಟೋ ದಿನಗಳ ಮೇಲೆ ಓಣಿಯಲ್ಲಿ ಎದುರಾದಾಗ ಅಕ್ಕ ಮೆಲ್ಲಗೆ ಒಂದೇ ಮಾತು ಹೇಳಿದರು: "ಔಷಧದ ತಾರೀಖು ಮುಗಿಯಾಕ ಬಂದೈತಿ, ಹೊಸಾದು ತಂದುಕೊಡವಾ." ಕದ್ದು ತಂದುಕೊಟ್ಟೆ. ಆಮೇಲೂ ಹಾಗೇ ಕೊಡುತ್ತ ಬಂದೆ...

ಹೋದ ವರ್ಷ ಅಕ್ಕ ತೀರಿಕೊಂಡರು. ಅವರ ಮಗಳು ಡಬ್ಬಿ ತಂದುಕೊಟ್ಟು ಹೋದಳು. ಅದನ್ನು ಕಪಾಟಿನಲ್ಲಿ ಬಚ್ಚಿಟ್ಟಿದ್ದೆ.

ಇವತ್ತು ತೆಗೆದೆ. ಅತ್ತೆಯನ್ನು ಕರೆದು, ಬದನೆಕಾಯಿ ಮುಂದಿಟ್ಟು, ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕಾಯಿಯನ್ನು ಕೈಗೆತ್ತಿಕೊಂಡು ತೂತನ್ನು ನೋಡಿದರು.

"ಮತ್ತ ಆವತ್ತ ತಲಿ ಯಾಕ ಅಲ್ಲಾಡಿಸಿದಿ?" ಎಂದರು.

ಅಕ್ಕ ತಾವು ಬದುಕಿರುವ ತನಕ ಈ ಮಾತನ್ನು ಒಮ್ಮೆಯೂ ನನ್ನನ್ನು ಕೇಳಿರಲಿಲ್ಲ.