ತಮ್ಮನ ಅರ್ಧ ಗುಲ್ಮ

ನವೆಂಬರ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಏಳೂವರೆ. ಅಂಕೋಲೆ ಬಳಿಯ ಶೆಟಗೇರಿಯ ತಮ್ಮನ ಮನೆಯಲ್ಲಿ ಇದ್ದವರು ಮೂವರು: ನಾನು, ತಮ್ಮ, ಅವನ ಹೆಂಡತಿ. ಏಳಕ್ಕೇ ಕಾರವಾರಕ್ಕೆ ಹೊರಡುವುದೆಂದು ಹಿಂದಿನ ದಿನ ಹೇಳಿದ್ದೆ. ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತನಾದವನು ನಾನು. ಹೇಳಿದ ಹೊತ್ತು ದಾಟಿದರೆ ಕೂತಲ್ಲಿ ಕೂರಲಾಗುವುದಿಲ್ಲ. ತಮ್ಮ ಮಾತ್ರ ನಿಧಾನಕ್ಕೆ ದೋಸೆ ತಿನ್ನುತ್ತಿದ್ದ.

ಮಳೆ ಹಿಂದೆಗೆಯುವ ದಿನಗಳಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆಯ ಮೇಲೆ ಅವನ ಬೈಕ್ ಜಾರಿತ್ತು. ಹ್ಯಾಂಡಲ್ ಎಡ ಪಕ್ಕೆಗೆ ಬಡಿದು ಒಳಗೆ ಗುಲ್ಮ, ಡಾಕ್ಟರರು ಸ್ಪ್ಲೀನ್ ಎನ್ನುವ ಅಂಗ, ಒಡೆದಿತ್ತು. ಕಾರವಾರದ ಸರ್ಜನ್ ಹಾಳಾದ ಅರ್ಧ ತೆಗೆದು, ಉಳಿದರ್ಧ ಉಳಿಸಿದರು. ಮನೆಗೆ ಕಳಿಸುವಾಗ ಒಂದು ಮಾತನ್ನು ಒತ್ತಿ ಹೇಳಿದ್ದರು: ಸೋಂಕು ತಡೆಯುವುದರಲ್ಲಿ ಗುಲ್ಮದ ಕೆಲಸ ದೊಡ್ಡದು, ಉಳಿದ ತುಂಡು ಎಷ್ಟು ಕೆಲಸ ಮಾಡುತ್ತದೋ ತಿಳಿಯದು, ಲಸಿಕೆ ಹಾಕಿಸಲೇಬೇಕು, ಇಲ್ಲದಿದ್ದರೆ ಸಾಮಾನ್ಯ ಜ್ವರವೆಂದುಕೊಂಡದ್ದೇ ಜೀವಕ್ಕೆ ಬರಬಹುದು. ತಮ್ಮ ಲಸಿಕೆಯನ್ನು ಎರಡು ಸಲ ಮುಂದೂಡಿದ್ದ. ಕಾರವಾರದಲ್ಲಿ ಒಂದು ಖಾಸಗಿ ಕೇಂದ್ರವಿದೆ. ಉದ್ದನೆಯ ಪೆಟ್ಟಿಗೆಯೊಳಗೆ ಮಲಗಿಸಿ, ಒತ್ತಡ ಏರಿಸಿ, ಶುದ್ಧ ಆಮ್ಲಜನಕ ಕೊಡುತ್ತಾರೆ. ಅಲ್ಲಿಂದ ಫೋನಿನಲ್ಲಿ ಮಾತಾಡಿದವನು ಗುಲ್ಮ ಮತ್ತೆ ಪೂರ್ತಿ ಬೆಳೆಯುತ್ತದೆ ಎಂದಿದ್ದನಂತೆ.

"ಪೂರ್ತಿ ಬೆಳೆದ್ಮೇಲೆ ಸೂಜಿ ಎಂತಕ್ಕೆ ಅಣ್ಣ?"

"ಮತ್ತೆ ಬೆಳೆಯೂದು ಹಲ್ಲಿ ಬಾಲ. ನೀ ಹಲ್ಲಿಯಾ?"

"ನಿಂಗೆ ಎಲ್ಲದ್ರ ಮೇಲೂ ಸಂಶಯ. ನನ್ನ ಮದ್ವೆ ದಿನ ಭಟ್ರ ಗಡಿಯಾರ ಪರೀಕ್ಷೆ ಮಾಡಿದವ ನೀನು."

ಮಾಡಿದ್ದು ನಿಜ. ಗಡಿಯಾರ ಹಿಂದಿತ್ತು.

ಕೇಂದ್ರದ ಡಾಕ್ಟರ ಬಾಯಿಂದಲೇ ಕೇಳಬೇಕೆಂಬ ಷರತ್ತಿನ ಮೇಲೆ ನಾನು ಜೊತೆಗೆ ಹೊರಟೆ. ಮೈಗೆ ಏನನ್ನೂ ಹಚ್ಚಿಕೊಂಡು ಬರಬಾರದು, ಹತ್ತಿಯ ಬಟ್ಟೆಯೇ ಇರಬೇಕು ಎಂದು ಕೇಂದ್ರದವರು ತಿಳಿಸಿದ್ದರು. ತಮ್ಮ ಪೌಡರ್ ಬಿಟ್ಟ, ಹತ್ತಿ ಅಂಗಿ ತೊಟ್ಟ. ಮೆಟ್ಟಿಲಿಳಿಯುವಾಗ ಅವನ ಹೆಂಡತಿ ಬಟ್ಟಲು ಹಿಡಿದು ಬಂದು ನೆತ್ತಿಗೆ ತೆಂಗಿನೆಣ್ಣೆ ತಟ್ಟಿದಳು. "ರಕ್ತ ಹೋದ ಮೈ ಭಾವ, ತಲೆ ತಂಪಿರ್ಬೇಕು." ನಾನೂ ನೋಡುತ್ತ ನಿಂತಿದ್ದೆ. ನಮ್ಮ ಕಡೆ ನೆತ್ತಿಯ ಎಣ್ಣೆಯನ್ನು ಹಚ್ಚಿಕೊಳ್ಳುವ ವಸ್ತುಗಳ ಸಾಲಿಗೆ ಯಾರೂ ಸೇರಿಸುವುದಿಲ್ಲ.

ಕೇಂದ್ರ ಅತಿ ಚೊಕ್ಕಟವಾಗಿತ್ತು. ಗೋಡೆಯ ತುಂಬ ನಗುವವರ ಫೋಟೋಗಳು. ಕಾಯಿಲೆಯವರು ಅಷ್ಟು ನಗುವುದನ್ನು ನಾನು ಕಂಡಿಲ್ಲ. ಪೆಟ್ಟಿಗೆ ನಡೆಸುವ ಹುಡುಗಿ ತಮ್ಮನ ತಲೆ ಮುಟ್ಟಿದ್ದೇ ಹಿಂದೆ ಸರಿದಳು.

"ಎಣ್ಣೆ! ಒಳಗೆ ಆಮ್ಲಜನಕ ತುಂಬಿರ್ತದೆ, ಬೆಂಕಿ ಹೊತ್ತಿಕೊಂಡ್ರೆ? ಸೋಪು ಹಾಕಿ ತೊಳ್ಕೊಂಡು, ಒಣಗಿಸ್ಕೊಂಡು ಬನ್ನಿ."

ದಿನ ಎಳೆಯುವ ಉಪಾಯವೇ ಎಂದು ಮೊದಲು ಅನುಮಾನಿಸಿದೆ. ಅವಳ ಮುಖದಲ್ಲಿ ನಿಜವಾದ ಹೆದರಿಕೆಯಿತ್ತು. ತಮ್ಮ ನಲ್ಲಿಗೆ ಹೋದ. ನಾನು ಡಾಕ್ಟರ ಎದುರು ಕೂತು ನೇರವಾಗಿ ಕೇಳಿದೆ.

"ಬೆಳೆಯುತ್ತದೆ ಎಂದವರು ಯಾರು?" ಎಂದು ಅವರು ಫೋನಿನ ಮೇಜಿನತ್ತ ನೋಡಿದರು. "ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸ್ವಲ್ಪ ಆಸೆ ಕಾಣ್ತದೆ. ಮನುಷ್ಯರಲ್ಲಿ ಹಾಗೆ ಹೇಳುವಷ್ಟು ಆಧಾರ ಇಲ್ಲ. ಉಳಿದ ತುಂಡು ತಾನಾಗಿಯೇ ದೊಡ್ಡದಾಗುವುದೂ ಉಂಟು."

"ಮತ್ತೆ ಇವತ್ತು ಮಲಗ್ಸೂದು ಎಂತಕ್ಕೆ?"

"ಅವರೇ ಬಯಸಿ ಬಂದಿದ್ದಾರೆ. ತೊಂದರೆ ಕಡಿಮೆ."

ಆ ಪ್ರಾಮಾಣಿಕತೆಯೂ ನನಗೆ ಹಿಡಿಸಲಿಲ್ಲ. ತಿಳಿದೂ ಬಾಗಿಲು ತೆರೆದಿಟ್ಟವರ ಮಾತು ಅದು. ಹೊರಗೆ ಬಂದು ತಮ್ಮನಿಗೆ ಹೇಳಿದರೆ ಅವನು ನಂಬಲಿಲ್ಲ. "ನೀನೇ ಗದರಿಸಿ ಹಾಗೆ ಹೇಳ್ಸಿರ್ತೆ."

ತಲೆ ಒಣಗಿಸಲು ಅವನು ಬಿಸಿಲಿನ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಬಿಣಗಾ ಊರಿನ ಹೆಂಗಸೊಬ್ಬಳು, ಆಗಷ್ಟೇ ಪೆಟ್ಟಿಗೆಯಿಂದ ಹೊರಬಂದವಳು, ಪಾದಕ್ಕೆ ಬ್ಯಾಂಡೇಜು. ಸಕ್ಕರೆ ಕಾಯಿಲೆಯ ಮಾಯದ ಗಾಯವಂತೆ.

"ಈಗ ಅಡ್ಡಿಲ್ಲ. ವಾರಕ್ಕೊಮ್ಮೆ ಅಳತೆ ಪಟ್ಟಿ ಇಟ್ಟು ಅಳೀತ್ರು, ಫೋಟೋ ತೆಗೆದು ನಂಗೇ ತೋರಿಸ್ತ್ರು. ಸಣ್ಣ ಆಗ್ತಾ ಬಂದದೆ. ನಿಮ್ಮ ಗಾಯ ಎಲ್ಲಿ?"

ತಮ್ಮ ಪಕ್ಕೆ ಮುಟ್ಟಿ ತೋರಿಸಿದ. "ಒಳಗೆ."

"ಅಯ್ಯೋ ದೇವ್ರೇ! ಒಳಗಿಂದಕ್ಕೆ ಪಟ್ಟಿ ಹ್ಯಾಂಗೆ ಇಡ್ತ್ರು?"

ತಮ್ಮ ನಗಲಿಲ್ಲ. ಒದ್ದೆ ತಲೆಯಲ್ಲೇ ಎದ್ದು ಡಾಕ್ಟರ ಬಳಿ ನಡೆದ. ನಾನು ಹಿಂದೆಯೇ ಹೋದೆ.

"ಎಷ್ಟು ಬೆಳೀತು ಅಂತ ನಂಗೆ ತೋರಿಸ್ತ್ರಾ?"

"ಸ್ಕ್ಯಾನಿನಲ್ಲಿ ಗಾತ್ರ ಕಾಣ್ತದೆ. ಗಾತ್ರ ಇದ್ದ ಮಾತ್ರಕ್ಕೆ ಸರಿಯಾಗಿ ಕೆಲಸ ಮಾಡ್ತದೆ ಅಂತ ಹೇಳ್ಲಿಕ್ಕಾಗೂದಿಲ್ಲ."

"ಪೂರ್ತಿ ಬೆಳೆದ್ರೆ ಸೂಜಿ ಬೇಡ ಅಲ್ವಾ?"

"ಬೆಳೆದ್ರೂ ಲಸಿಕೆ ಹಾಕಿಸ್ಕೊಳ್ಳಿ. ಮೊದಲು ಅದು."

"ಫೋನಲ್ಲಿ ಇದೊಂದ್ ಮಾತು ಹೇಳಿದ್ರೆ ನಾ ಇಷ್ಟು ದಿನ ಕಾಯ್ತಿರ್ಲಿಲ್ಲ" ಎಂದ ತಮ್ಮ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ.

ನೇರವಾಗಿ ಸರ್ಜನ್ ಇದ್ದ ಆಸ್ಪತ್ರೆಗೆ ಹೋದೆವು. ನರ್ಸ್ ಲಸಿಕೆ ತಂದಾಗ ಶೀಶೆಯ ಮೇಲಿನ ಮುಗಿಯುವ ತಾರೀಕು ಓದಿದೆ. ತಂಪಿನಲ್ಲೇ ಇಟ್ಟಿದ್ದರೇ ಎಂದೂ ಕೇಳಿದೆ. ಆಕೆ ಹುಬ್ಬು ಗಂಟಿಕ್ಕಿದರು.

"ಇಷ್ಟು ದೂರ ಎಳ್ಕಂಡ್ ಬಂದು ಈಗ ನೀನೇ ಅಡ್ಡ ಬತ್ಯಾ ಮಾರಾಯ?" ಎಂದು ತಮ್ಮ ತೋಳು ಚಾಚಿದ. ಸೂಜಿ ಹೋಗುವಾಗ ಕಿಟಕಿಯತ್ತ ತಿರುಗಿದ್ದ.

ಬಸ್ಸಿನಲ್ಲಿ ಅಂಕೋಲೆ ಹತ್ತಿರವಾದಾಗ ಅವನು, "ಹಾಂಗಾದ್ರೆ ಅರ್ಧದಲ್ಲೇ ಬದುಕೂದಾ?" ಎಂದ.

"ಆ ಅರ್ಧ ಇಷ್ಟು ದಿನ ಸುಮ್ನೆ ಕೂತದೆ ಅಂತ ನಿಂಗೆ ಯಾರು ಹೇಳಿದ್ರು?"

ಅವನು ಪಕ್ಕೆಯ ಮೇಲೆ ಕೈಯಿಟ್ಟುಕೊಂಡ. ನನ್ನ ಮಾತಿಗೂ ಆಧಾರವಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. ಆದರೂ ಕೈ ತೆಗೆಯಲಿಲ್ಲ.

ಅಂಕೋಲೆಯ ಔಷಧಿ ಅಂಗಡಿಯಲ್ಲಿ ಥರ್ಮಾಮೀಟರ್ ಕೊಂಡೆ. ಕತ್ತಲಾಗುವ ಮೊದಲು ಶೆಟಗೇರಿಯ ಜಗುಲಿಯಲ್ಲಿ ತಮ್ಮನ ಹೆಂಡತಿಗೆ ಅದನ್ನು ಓದಲು ಕಲಿಸಿದೆ. ಮೈ ಬಿಸಿಯಾದರೆ ಕಷಾಯ ಕುದಿಸುತ್ತ ಕೂರಬಾರದು, ಯಾವ ಹೊತ್ತಾದರೂ ಆಸ್ಪತ್ರೆಗೆ ಹೊರಡಬೇಕು ಎಂದೆ. ಅವಳು ಮೊದಲು ತನ್ನದು ನೋಡಿಕೊಂಡಳು, ಆಮೇಲೆ ಗಂಡನದು. ಎರಡನ್ನೂ ಗಟ್ಟಿಯಾಗಿ ಓದಿಸಿದೆ. ಓದಿದ್ದು ಸರಿಯಿತ್ತು, ಜ್ವರ ಇಬ್ಬರಿಗೂ ಇರಲಿಲ್ಲ. ಥರ್ಮಾಮೀಟರ್ ತೊಳೆದು, ಒರೆಸಿ, ಡಬ್ಬಿಗೆ ಹಾಕಿದೆ.