ನಮ್ಮ ಮನೆಯಿಂದ ಬಿಟ್ಟುಹೋದ ದೀಪಾವಳಿ

ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ರಾಜ್ಯದಿಂದ ಬೇರೆಯಾಗಿ ಹೊಸ ಮೈಸೂರು ರಾಜ್ಯವನ್ನು ಸೇರಿದ ದಿನ, ಅಂದರೆ ೧೯೫೬ರ ನವೆಂಬರ್ ಒಂದರಂದು, ನರಕ ಚತುರ್ದಶಿಯೂ ಇತ್ತೆಂದು ನನ್ನ ತಾಯಿ ಕಡೆಯವರೆಗೂ ಹೇಳುತ್ತಿದ್ದಳು. ನಾನು ಅದನ್ನು ನಂಬಿರಲಿಲ್ಲ. ಎರಡು ದೊಡ್ಡ ದಿನಗಳನ್ನು ಮನುಷ್ಯರ ನೆನಪು ತಾನಾಗಿ ಒಂದರ ಮೇಲೊಂದು ಹೊಂದಿಸಿಬಿಡುವುದನ್ನು ನನ್ನ ಸಂಶೋಧನೆಯ ವೃತ್ತಿಯಲ್ಲಿ ಹಲವು ಸಲ ಕಂಡಿದ್ದೆ. ನಿವೃತ್ತಳಾದ ಮೇಲೆ ಹಳೆಯ ಪಂಚಾಂಗಗಳನ್ನು ಹುಡುಕಿ ನೋಡಿದೆ. ತಾಯಿ ಹೇಳಿದ್ದೇ ಸರಿ. ಅಂದು ಗುರುವಾರ, ಬೆಳಗಿನ ಅಭ್ಯಂಗದ ಹೊತ್ತಿಗೆ ಚತುರ್ದಶಿ ಇತ್ತು, ಮರುದಿನ ಅಮಾವಾಸ್ಯೆ.

ಈ ತಾರೀಖು ಗಟ್ಟಿಯಾದ ಮೇಲೆ ಅದರ ಹಿಂದಿನದೂ ಗಟ್ಟಿಯಾಗುತ್ತದೆ. ನನ್ನ ತಮ್ಮ ತೀರಿಕೊಂಡದ್ದು ಅದಕ್ಕೂ ಎರಡು ವರ್ಷ ಮೊದಲು, ೧೯೫೪ರ ನರಕ ಚತುರ್ದಶಿಯ ಬೆಳಿಗ್ಗೆ. ನನಗೆ ಆಗ ಏಳು ವರ್ಷ, ತಂಗಿಗೆ ನಾಲ್ಕು. ತಮ್ಮ ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ.

ನಾವಿದ್ದದ್ದು ಮುಂಬಯಿಯ ಗೋರೆಗಾಂವ್ ಸ್ಟೇಷನ್ನಿನ ಪಶ್ಚಿಮಕ್ಕಿದ್ದ ಒಂದು ಚಾಳಿನ ಮೇಲಂತಸ್ತಿನಲ್ಲಿ. ಒಂದು ಖೋಲಿ, ಅದರ ಹಿಂದೆ ಅಡುಗೆಗೂ ಸ್ನಾನಕ್ಕೂ ಸೇರಿ ಒಂದು ಮೂಲೆ, ಮುಂದೆ ಎಲ್ಲ ಬಿಡಾರಗಳಿಗೂ ಸಮಾನವಾದ ಉದ್ದನೆಯ ಗ್ಯಾಲರಿ. ಅಪ್ಪ ಪರೇಲಿನ ಕಡೆಯ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನನಾಗಿದ್ದ. ಅವನ ತಾಯಿ, ನನ್ನ ಅಜ್ಜಿ, ಧಾರವಾಡದ ಕಡೆಯಿಂದ ಬಂದು ನಮ್ಮೊಡನೆಯೇ ನೆಲೆಸಿದ್ದಳು. ಪಕ್ಕದ ಖೋಲಿಯಲ್ಲಿ ಉಡುಪಿಯವರ ಸಂಸಾರ. ಆ ಮನೆಯ ಯಜಮಾನ ಮಾಟುಂಗದ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ.

ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕೊರಳಿಗೆ ಚೆಂಡುಹೂವಿನ ಸರ ಸುತ್ತಿ, ಅವ್ವ ನೀರು ತುಂಬಿಸಿದ್ದಳು. ತಮ್ಮನಿಗೆ ಗಂಟಲುಮಾರಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಬೆಳಗಿನಲ್ಲಿ ಅಂಗಳದ ಹುಡುಗರು ಪಟಾಕಿ ಹಚ್ಚುತ್ತಿದ್ದಾಗ ಅವನ ಉಸಿರು ನಿಂತಿತು. ಹಂಡೆಯ ನೀರು ಅಷ್ಟರಲ್ಲಿ ಕಾದಿತ್ತು. ಮಕ್ಕಳಾದ ನಮ್ಮ ಮೂವರ ಎಣ್ಣೆಸ್ನಾನಕ್ಕೆಂದು ಕಾಯಿಸಿದ ಆ ನೀರಿನಿಂದಲೇ ಅವನ ಮೈ ತೊಳೆದು, ಅಪ್ಪ ಅವನನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಮೆಟ್ಟಿಲಿಳಿದ. ಅಪ್ಪ ಅಂಗಳ ದಾಟುವವರೆಗೆ ಹುಡುಗರು ಪಟಾಕಿ ನಿಲ್ಲಿಸಿದ್ದರು.

ಅಜ್ಜಿ ಬಾಗಿಲಿನ ಮಾವಿನೆಲೆಯ ತೋರಣವನ್ನು ಆಗಲೇ ಬಿಚ್ಚಿದಳು.

“ಈ ಹಬ್ಬ ಇನ್ನ ನಮಗ ಬಿಟ್ಟುಹೋತು,” ಎಂದಳು. “ಇದೇ ದಿನಾ ಮನ್ಯಾಗ ಒಂದು ಕೂಸು ಹುಟ್ಟಬೇಕು, ಇಲ್ಲಾ ಕೊಟ್ಟಿಗ್ಯಾಗ ಆಕಳಾ ಈಯಬೇಕು. ಅಲ್ಲೀತನಕ ದೀಪಾವಳಿ ಇಲ್ಲ.”

ಈ ಪದ್ಧತಿ ಎಲ್ಲ ಮನೆತನಗಳಲ್ಲಿ ಒಂದೇ ಬಗೆಯಾಗಿಲ್ಲ. ಕೆಲವರು ಗಂಡುಮಗುವೇ ಆಗಬೇಕೆನ್ನುತ್ತಾರೆ, ಕೆಲವರು ಸೊಸೆ ಬಂದರೂ ಸಾಕೆನ್ನುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಹೇಳಿದ್ದೇ ನಿಯಮ. ಹಬ್ಬದ ದಿನ ಮನೆಯಲ್ಲಿ ಸಾವು ಸಂಭವಿಸಿದರೆ ಆ ಹಬ್ಬ ಸಾವಿನದಾಗುತ್ತದೆ. ಅದೇ ತಿಥಿಯಲ್ಲಿ ಆಗುವ ಒಂದು ಹುಟ್ಟು ಮಾತ್ರ ಅದನ್ನು ಮರಳಿ ತರಬಲ್ಲದು.

ಮುಂದಿನ ವರ್ಷ ಗ್ಯಾಲರಿಯುದ್ದಕ್ಕೂ ಆಕಾಶಕಂದೀಲುಗಳು ತೂಗಿದವು. ನಮ್ಮ ಬಾಗಿಲು ಮುಚ್ಚಿತ್ತು. ಎಣ್ಣೆಸ್ನಾನವಿಲ್ಲ, ಹಣತೆಯಿಲ್ಲ, ಒಲೆಯ ಮೇಲೆ ಬಾಣಲೆ ಇಡುವಂತಿಲ್ಲ. ನೆರೆಯವರು ಕೊಟ್ಟದ್ದನ್ನು ತಿನ್ನಬಹುದಾದ್ದರಿಂದ ಪಕ್ಕದ ಮನೆಯಾಕೆ, ನಾವು ಕರೆಯುತ್ತಿದ್ದಂತೆ ಉಡುಪಿಯ ಬಾಯಿ, ತಟ್ಟೆಯ ತುಂಬ ಚಕ್ಕುಲಿ, ಹೋಳಿಗೆ ತಂದಳು.

“ಅಲ್ಲ ಅಜ್ಜಿ, ಮಕ್ಕಳ ಮುಖ ನೋಡಿ ಮಾರಾಯ್ರೆ. ದನ ಈಯಬೇಕು ಅಂತೀರಿ. ಈ ಖೋಲಿಯಲ್ಲಿ ದನ ಕಟ್ಟುದೆಲ್ಲಿ? ನಳದ ಹತ್ರವಾ? ನೀರಿನ ಜಗಳಕ್ಕೆ ಅದಕ್ಕೂ ಒಂದು ಬಾಲ್ದಿ ಕೊಡ್ಬೇಕಾದೀತು.”

“ನಗು, ನಗು,” ಎಂದಳು ಅಜ್ಜಿ. “ನಿನ್ನ ಮನಿ ಹಬ್ಬ ನಿನ್ನ ಮನ್ಯಾಗ ಅದ. ನಿನಗೇನು ಗೊತ್ತು.”

ತಂಗಿ ಚಕ್ಕುಲಿಯನ್ನು ಮುರಿಯದೆ ಬೆರಳಿಗೆ ಉಂಗುರದಂತೆ ಹಾಕಿಕೊಂಡು, ಮುಚ್ಚಿದ ಬಾಗಿಲಿನ ಸಂದಿಗೆ ಕಣ್ಣಿಟ್ಟು ಕುಳಿತಿದ್ದಳು. ಸುರುಸುರುಬತ್ತಿಯ ಬೆಳಕು ಹಾದುಹೋದಾಗಲೆಲ್ಲ ನಮ್ಮ ಕಡೆ ತಿರುಗಿ, ‘ಇದು ಕೆಂಪು’, ‘ಇದು ಹಸರು’ ಎಂದು ವರದಿ ಮಾಡುತ್ತಿದ್ದಳು. ಅವ್ವ ತಟ್ಟೆ ತೊಳೆದು, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಮರಳಿ ಕಳಿಸಿದಳು.

೧೯೫೬ರಲ್ಲಿ ಅವ್ವ ಮತ್ತೆ ಬಸಿರಾದಳು. ಶ್ರಾವಣ ಬರುವಷ್ಟರಲ್ಲಿ ಅಜ್ಜಿ ಲೆಕ್ಕ ಹಾಕಿ ಮುಗಿಸಿದ್ದಳು: ಕೂಸು ದೀಪಾವಳಿಯ ಆಸುಪಾಸಿಗೆ. ಅಂದಿನಿಂದ ಮನೆಯವರೆಲ್ಲರೂ ಅವ್ವನ ಹೊಟ್ಟೆಯೊಡನೆ ಮಾತನಾಡತೊಡಗಿದರು. ಅಪ್ಪನಿಗೆ ಆಫೀಸಿನ ಕನ್ನಡಿಗರಿಂದ ರಾಜ್ಯದ ಸುದ್ದಿ ಸಿಗುತ್ತಿತ್ತು. ನವೆಂಬರ್ ಒಂದು ಎಂದು ಗೊತ್ತಾದ ದಿನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಚಪ್ಪಾಳೆ ತಟ್ಟಿದ.

“ಹಬ್ಬಾನೂ ಬರಲಿ, ರಾಜ್ಯಾನೂ ಬರಲಿ, ಕೂಸೂ ಬರಲಿ. ಮೂರೂ ಒಂದೇ ಲೋಕಲ್‌ನ್ಯಾಗ ಬಂದು ಇಳೀಲಿ!”

ತಂಗಿ ಅವ್ವನ ಸೆರಗು ಸರಿಸಿ ಹೊಟ್ಟೆಗೆ ಬಾಯಿ ಹಚ್ಚಿ ಎಚ್ಚರಿಕೆ ಕೊಡುತ್ತಿದ್ದಳು. “ಏ, ಚತುರ್ದಶಿಗೇ ಬಾ. ಅಮಾಸಿಗೆ ಬಂದ್ರ ನಿನ್ನ ಕೂಡ ಟೂ.”

ಅಜ್ಜಿ ಊರಿನಿಂದ ಔಡಲೆಣ್ಣೆಯ ಬಾಟಲಿ ತರಿಸಿ ಗೋಡೆಯಲ್ಲಿದ್ದ ದೇವರ ಮಾಡದಲ್ಲಿಟ್ಟಳು. ನೋವು ತಾನಾಗಿ ಹುಟ್ಟದೆ ಆ ಎಣ್ಣೆ ಕುಡಿಸಬಾರದು ಎಂಬ ಕಟ್ಟುನಿಟ್ಟು ಅವಳಿಗಿತ್ತು. ನೋವು ಹುಟ್ಟಿದ ಮೇಲೆ ಕುಡಿಸಿದರೆ ಅದು ಹೆರಿಗೆಯನ್ನು ಬೇಗ ಆಗಿಸುತ್ತದೆಂಬುದು ಅವಳ ನಂಬಿಕೆ. “ಅವತ್ತ ಒಂದೇ ಒಂದು ನೋವು ಕಾಣಲಿ,” ಎನ್ನುತ್ತಿದ್ದಳು. “ಮುಂದಿಂದು ನಾ ನೋಡ್ಕೋತೀನಿ.”

ಆ ಗುರುವಾರ ಬೆಳಿಗ್ಗೆ ನಾನು ಒಳಗಿನ ಮೂಲೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಅವ್ವ ನೀರಿನ ಪೀಪಾಯಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ತಲೆ ಬಗ್ಗಿಸಿ ನಿಂತಳು. ಅವಳ ಬೆರಳಿನ ಗೆಣ್ಣುಗಳು ಬೆಳ್ಳಗಾದವು. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟಳು.

“ಅವ್ವಾ, ಬಂತೇನು?” ನಾನು ಎದ್ದೇಬಿಟ್ಟೆ.

“ಕೂಡು. ನೀ ಏನೂ ನೋಡಿಲ್ಲ.”

“ಅಜ್ಜಿಗೆ ಹೇಳತೀನಿ.”

“ಹೇಳಿದಿ ಅಂದ್ರ ನಾ ನಿನ್ನ ಅವ್ವಲ್ಲ.”

ಅವಳು ಅಂಥ ಮಾತನ್ನು ಅದಕ್ಕೆ ಮೊದಲು ಆಡಿರಲಿಲ್ಲ. ನಾನು ಅಕ್ಕಿ ತೊಳೆದೆ. ಆ ದಿನವಿಡೀ ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. “ಏನಾರ ಅನಸ್ತದೇನು?” “ಏನೂ ಇಲ್ಲ, ಅತ್ತೀ.” “ಬೆನ್ನು?” “ಬೆನ್ನು ದಿನಾ ನೋಯ್ತದ.” ನೋವು ಬಂದಾಗಲೆಲ್ಲ ಅವ್ವ ಗ್ಯಾಲರಿಗೆ ಹೋಗಿ, ಅಂಚಿನ ಕಠಡದ ಕಂಬಿಯ ಮೇಲೆ ಕೈಯೂರಿ, ಅಂಗಳದ ಪಟಾಕಿ ನೋಡುವವಳಂತೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಪಟಾಕಿಯ ಸದ್ದಿನಲ್ಲಿ ಅವಳ ಉಸಿರು ಕೇಳುತ್ತಿರಲಿಲ್ಲ. ಊಟವಾದ ಮೇಲೆ ಅಪ್ಪ ಮಾಟುಂಗದ ಕನ್ನಡ ಸಂಘದ ಸಭೆಗೆ ಹೊರಟ. ಹೋಗುವಾಗ ಅವನೂ ಕೇಳಿದ. ಅವನಿಗೂ ಅದೇ ಉತ್ತರ ಸಿಕ್ಕಿತು.

ಮಧ್ಯಾಹ್ನ ಅಜ್ಜಿ ಕಣ್ಣು ಮುಚ್ಚಿದಾಗ ನಾನು ಕಠಡದ ಬಳಿ ಹೋದೆ. ಒಂಬತ್ತು ವರ್ಷದ ನನಗೆ ಹಬ್ಬ ಬೇಕಾಗಿತ್ತು. ಹೊಸ ಲಂಗ ಬೇಕಾಗಿತ್ತು.

“ಹೇಳವ್ವಾ. ಹೇಳಿದ್ರ ಹಬ್ಬ ಬರ್ತದಲ್ಲಾ.”

ಆ ಸಲದ ನೋವು ಇಳಿಯುವವರೆಗೆ ಅವಳು ಕಠಡವನ್ನು ಬಿಡಲಿಲ್ಲ.

“ಬರ್ತದ,” ಎಂದಳು ಆಮೇಲೆ. “ಆದ್ರ ಹೋದ ಕೂಸಿಗೆ ಒಂದು ಫೋಟೋ ಇಲ್ಲ. ಸಣ್ಣ ಕೂಸಿಗೆ ಶ್ರಾದ್ಧಾ ಇಲ್ಲ. ಹುಗದ ಜಾಗಾ ನಿಮ್ಮಪ್ಪ ನನಗ ತೋರಿಸಿಲ್ಲ. ಅದಕ್ಕ ಅಂತ ಉಳದದ್ದು ಈ ದಿನಾ ಒಂದು. ಇದನ್ನೂ ಕಸಗೊಂಡು ಇನ್ನೊಂದಕ್ಕ ಕೊಡಲೇನು?”

ನಾನು ಅಜ್ಜಿಯನ್ನು ಎಬ್ಬಿಸಲಿಲ್ಲ. ಒಬ್ಬ ಹೆಂಗಸು ಹೆರಿಗೆಯನ್ನು ತಡೆದು ನಿಲ್ಲಿಸಲಾರಳು ಎಂದು ಮುಂದೆ ನಾನು ಕೇಳಿದ ವೈದ್ಯರೆಲ್ಲ ಹೇಳಿದ್ದಾರೆ. ತಡೆಯಲಾಗದು, ಮುಚ್ಚಿಡಬಹುದು. ಅವಳು ಮಾಡಿದ್ದು ಅಷ್ಟೆ: ಬಾಟಲಿಯನ್ನು ಮಾಡದಿಂದ ಕೆಳಗಿಳಿಯಗೊಡಲಿಲ್ಲ. ಅವಳಿಗೆ ಸಂಜೆಯಲ್ಲ, ಮರುದಿನದ ಸೂರ್ಯೋದಯ ಬೇಕಾಗಿತ್ತು. ನಮ್ಮ ಲೆಕ್ಕದಲ್ಲಿ ದಿನ ಬದಲಾಗುವುದು ಆಗಲೇ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಪೇಡೆಯ ಪೊಟ್ಟಣದೊಡನೆ ಮರಳಿದ. ಅಷ್ಟರಲ್ಲಿ ಅವ್ವನಿಗೆ ನಿಲ್ಲಲಾಗುತ್ತಿರಲಿಲ್ಲ. ಅಜ್ಜಿ ಅವಳ ಕಡೆ ಒಮ್ಮೆ ನೋಡಿ ಎಲ್ಲವನ್ನೂ ತಿಳಿದುಕೊಂಡಳು. “ಎಷ್ಟೊತ್ತಿನಿಂದ ಅದ ಇದು? ಏ, ಎಷ್ಟೊತ್ತಿನಿಂದ?” ಎಂದು ಕೇಳುತ್ತ ಬಾಟಲಿಗೆ ಕೈಹಾಕಿದಳು. ಆದರೆ ಅಪ್ಪ ಗಾಡಿ ತರಿಸಿಯಾಗಿತ್ತು. ಉಡುಪಿಯ ಬಾಯಿ ಅವ್ವನನ್ನು ತೋಳಿನಲ್ಲಿ ಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ಅವರು ಸಮೀಪದ ಪ್ರಸೂತಿಗೃಹಕ್ಕೆ ಹೋದರು. ಅಜ್ಜಿ ನಮ್ಮೊಡನೆ ಉಳಿದಳು.

ಬೆಳಿಗ್ಗೆ ಬಿಸಿಲು ಗ್ಯಾಲರಿಗೆ ಬಂದ ಎಷ್ಟೋ ಹೊತ್ತಿನ ಮೇಲೆ ಅಪ್ಪ ಬಂದ. “ಹೆಣ್ಣು. ಇಬ್ಬರೂ ಆರಾಮ,” ಎಂದ.

ಅಜ್ಜಿ ಹೆಣ್ಣೋ ಗಂಡೋ ಎಂಬುದನ್ನು ಕಿವಿಗೆ ಹಾಕಿಕೊಂಡಂತೆ ತೋರಲಿಲ್ಲ. “ಯಾವಾಗ? ಸೂರ್ಯ ಹುಟ್ಟಿದ್ದನೇನು?”

ಅಪ್ಪ ಚಪ್ಪಲಿ ಬಿಡುತ್ತಿದ್ದ. “ಇಲ್ಲ,” ಎಂದ. “ಇನ್ನೂ ಕತ್ತಲಿತ್ತು.”

ಅಜ್ಜಿ ಅತ್ತಳು. ಮಗು ಸತ್ತ ದಿನ ಅವಳು ಅತ್ತದ್ದು ನನಗೆ ನೆನಪಿಲ್ಲ, ಅಂದು ಅತ್ತಳು. ಎಣ್ಣೆಯ ಬಟ್ಟಲು ತಂದು ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದಳು. ಚತುರ್ದಶಿ ಕಳೆದಿದ್ದರೂ ಹಬ್ಬ ಮರಳಿದ ಮನೆಗೆ ಅದು ದೋಷವಲ್ಲವೆಂದಳು. ಅಪ್ಪ ತಂಗಿಗೆ ಸುರುಸುರುಬತ್ತಿಯ ಪೆಟ್ಟಿಗೆ ತಂದುಕೊಟ್ಟ. ಅವಳು ಅದನ್ನು ಒಡೆಯದೆ, ಸಂಜೆಯಾಗಲೆಂದು ಎದೆಗವಚಿಕೊಂಡು, ಪ್ರಸೂತಿಗೃಹಕ್ಕೂ ತಂದಳು.

ಅವ್ವ ಗೋಡೆಯ ಬದಿಯ ಮಂಚದಲ್ಲಿದ್ದಳು. ಕೂಸು ಅವಳ ಪಕ್ಕದಲ್ಲಿ ಮಲಗಿತ್ತು. ಅವ್ವ ತಂಗಿಯ ಹೊಳೆಯುವ ತಲೆಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಕೊನೆಗೆ ಅಪ್ಪನನ್ನು ನೋಡಿದಳು.

“ಎಣ್ಣಿ ಯಾಕ ಹಚ್ಚೀರಿ?”

“ಹಬ್ಬ ಬಂತಲ್ಲವಾ,” ಎಂದಳು ಅಜ್ಜಿ. ಅವಳ ದನಿ ಮೆತ್ತಗಿತ್ತು. ಸೊಸೆಯೊಡನೆ ಅಷ್ಟು ಮೆತ್ತಗೆ ಮಾತನಾಡಿದ್ದನ್ನು ನಾನು ಬೇರೆ ಕೇಳಿಲ್ಲ. “ಸೂರ್ಯ ಹುಟ್ಟೋದರೊಳಗ ಹಡದಿ. ಪುಣ್ಯಾತಗಿತ್ತಿ.”

“ಇಲ್ಲ ಅತ್ತೀ. ಬಿಸಿಲು ಬಿದ್ದಿತ್ತು.” ಅವ್ವ ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದಳು. “ಈ ಕೈಮ್ಯಾಲ ಬಿದ್ದಿತ್ತು. ಆಮ್ಯಾಲ ಇದು ಹುಟ್ಟಿತು.”

ಅಪ್ಪ ನೆಲ ನೋಡಿದ. ಅಜ್ಜಿ ತಂಗಿಯ ತೋಳಿನಿಂದ ಪೆಟ್ಟಿಗೆಯನ್ನು ಬಿಡಿಸಿಕೊಂಡಳು. ತಂಗಿ ಹಾದಿಯುದ್ದಕ್ಕೂ ಅತ್ತಳು. ಆ ಪೆಟ್ಟಿಗೆ ಉಡುಪಿಯವರ ಮಕ್ಕಳಿಗೆ ಹೋಯಿತು. ನಮ್ಮ ತಲೆಯ ಎಣ್ಣೆಯನ್ನು ಅಜ್ಜಿ ತಣ್ಣೀರಿನಲ್ಲಿ ಸೀಗೆಪುಡಿ ಹಾಕಿ ತೊಳೆದಳು. ಲಕ್ಷ್ಮೀಪೂಜೆಯ ಆ ಸಂಜೆ ನಮ್ಮ ಬಾಗಿಲು ಮುಚ್ಚಿತ್ತು.

ಇಬ್ಬರಲ್ಲಿ ಯಾರ ಮಾತು ನಿಜ ಎಂಬುದನ್ನು ತೀರ್ಮಾನಿಸಲು ನಾನು ಪ್ರಯತ್ನಿಸಿದ್ದೇನೆ. ಜನನ ದಾಖಲೆಯಲ್ಲಿ ತಾರೀಖು ಇದೆ, ಹೊತ್ತು ಇಲ್ಲ. ನಡುರಾತ್ರಿ ದಾಟಿದರೆ ಇಂಗ್ಲಿಷ್ ಲೆಕ್ಕದಲ್ಲಿ ಹೇಗೂ ಮರುದಿನವೇ. ಆ ಕೋಣೆಯ ಕಿಟಕಿ ಪೂರ್ವಕ್ಕಿತ್ತೇ ಎಂದು ನೋಡಹೋದಾಗ ಅಲ್ಲಿ ಎತ್ತರದ ಬಿಲ್ಡಿಂಗ್ ಬಂದಿತ್ತು. ಅಪ್ಪ ಈ ಬಗ್ಗೆ ಬಾಯಿ ಬಿಡದೆ ತೀರಿಕೊಂಡ.

ಅಜ್ಜಿ ಬದುಕಿದ್ದಷ್ಟು ಕಾಲ ಆ ಕೂಸನ್ನು ‘ತಡಾ ಮಾಡಿದಾಕಿ’ ಎಂದೇ ಕರೆದಳು. ಹಾಲು ಚೆಲ್ಲಿದರೂ, ಶಾಲೆಯಲ್ಲಿ ಅಂಕ ಕಡಿಮೆ ಬಂದರೂ ಅದೇ ಮಾತು. “ಒಂದು ತಾಸು ಮೊದಲು ಬರಲಿಕ್ಕೆ ಆಗಲಿಲ್ಲ, ಇನ್ನೇನು ಆಗ್ತದ ನಿನ್ನ ಕಡಿಂದ?” ಅವ್ವ ಅಲ್ಲೇ ಇರುತ್ತಿದ್ದಳು, ಅಡ್ಡಬರುತ್ತಿರಲಿಲ್ಲ. ಮಗಳ ಪರವಾಗಿ ಒಂದು ಮಾತು ಆಡಿದ್ದರೆ ಅಂದಿನ ಬೆಳಗಿನ ನೋವುಗಳ ವಿಷಯ ಹೊರಬರುತ್ತಿತ್ತೆಂಬುದು ನನ್ನ ಊಹೆ, ಊಹೆಯೆಂದೇ ಬರೆಯುತ್ತಿದ್ದೇನೆ.

ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಹಬ್ಬಗಳು. ತಂಗಿಯರಿಬ್ಬರಿಗೂ ಹಾಗೆ ದೀಪಾವಳಿ ದೊರೆಯಿತು. ಮದುವೆಯಾಗದ ನನಗೆ ದೊರೆಯಲಿಲ್ಲ. ಅವ್ವ ತೀರಿಕೊಂಡ ವರ್ಷ, ಚತುರ್ದಶಿಯ ಬೆಳಿಗ್ಗೆ, ಚೆಂಬೂರಿನಲ್ಲಿ ಕಿರಿಯ ತಂಗಿಯ ಮನೆಯಲ್ಲಿದ್ದೆ. ಅವಳು ಮೊಮ್ಮಕ್ಕಳಿಗೆಂದು ಎಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡದಲ್ಲಿ ಹಿಂದಿಯೇ ಹೆಚ್ಚು.

“ಅಕ್ಕಾ, ಸಚ್ ಬೋಲ್. ನಾ ಹುಟ್ಟಿದಾಗ ಬಿಸಿಲು ಇತ್ತಾ?”

ದಾಖಲೆಯಿಲ್ಲ ಎಂದೆ. ಆಮೇಲೆ, ಕಠಡದ ಬಳಿ ಅವ್ವ ಆಡಿದ ಮಾತನ್ನು, ನೆನಪಿದ್ದ ಮಟ್ಟಿಗೆ ಒಂದಕ್ಷರ ಬಿಡದೆ ಹೇಳಿದೆ.

ಅವಳು ಗ್ಯಾಸ್ ಆರಿಸಿದಳು. “ಮತ್ಲಬ್ ನಾ ತಡಾ ಮಾಡಿಲ್ಲ. ನನಗ ತಡಾ ಮಾಡ್ಸಿದ್ದು.”

“ಹೌದು.”

“ಅವನ ಸಲುವಾಗಿ.”

“ಹೌದು.”

ಅವಳು ಬಟ್ಟಲನ್ನು ಇಕ್ಕಳದಿಂದ ಹಿಡಿದು ಕಟ್ಟೆಯ ಮೇಲಿಳಿಸಿದಳು. “ಅವನ ಹೆಸರೇನಿತ್ತು?” ಎಂದಳು. ಸತ್ತ ಕೂಸಿನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಅಜ್ಜಿ ಕಟ್ಟು ಮಾಡಿದ್ದಳು. ಆ ಹೆಸರು ಕಿರಿಯವಳ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಹೇಳಿದೆ. ಅವಳು ಒಮ್ಮೆ ಮೆಲ್ಲಗೆ ಉಚ್ಚರಿಸಿದಳು. ಆಮೇಲೆ ಮೊಮ್ಮಕ್ಕಳನ್ನು ಸ್ನಾನಕ್ಕೆ ಕರೆಯಲು ಒಳಗೆ ಹೋದಳು.