ಚನ್ನಯ್ಯನವರ ಫೋನಿನ ಹಾಡು

ಹೆಮ್ಮರಗಾಲದ ಚನ್ನಯ್ಯನವರು ಬಸ್ ಕಂಡಕ್ಟರಾಗಿದ್ದವರು. ಟಿಕೆಟಿನ ಬೆನ್ನಿಗೆ ಬರೆದುಕೊಟ್ಟ ಚಿಲ್ಲರೆಯನ್ನು ಪ್ರಯಾಣಿಕರೇ ಮರೆತು ಇಳಿದರೂ ಕಿಟಕಿಯಿಂದ ಕೂಗಿ ಕರೆದು ಕೊಡುತ್ತಿದ್ದರು. ನಿವೃತ್ತರಾದ ಮೇಲೆ, ಹೆಂಡತಿ ಮರಿತಾಯಮ್ಮನವರ ಆಸೆಗೆಂದು ಒಂದು ಮೊಬೈಲ್ ಕೊಂಡರು. ಫೋನ್ ಮಾಡಿದವರಿಗೆ ಗಂಟೆಯ ಬದಲು ಕೇಳಲಿ ಎಂದು ಕುಣಿತದ ಹಾಡೊಂದನ್ನು ಹಾಕಿಸಿದವರೂ ಆಕೆಯೇ. ಅದಕ್ಕೆ ತಿಂಗಳಿಗೆ ಮೂವತ್ತು ರೂಪಾಯಿ. ಆಕೆಯ ಸಂತೋಷಕ್ಕಲ್ಲವೇ ಎಂದು ಇವರು ಸುಮ್ಮನಿದ್ದರು.

೨೦೦೮ರ ಬೇಸಿಗೆಯಲ್ಲಿ ಮರಿತಾಯಮ್ಮ ತೀರಿಕೊಂಡರು. ಚನ್ನಯ್ಯನವರು ಹಾಡನ್ನು ರದ್ದು ಮಾಡಿಸಿದರು. ರದ್ದಾಯಿತೆಂದು ಸಂದೇಶವೂ ಬಂತು. ಆದರೆ ಮುಂದಿನ ತಿಂಗಳು ಫೋನ್ ಕಂಪನಿ ದುಡ್ಡು ಕತ್ತರಿಸಿಕೊಂಡಿತು, ಹಾಡು ತಾನಾಗಿ ಮತ್ತೆ ಶುರುವಾಯಿತು. ಇನ್ನೊಮ್ಮೆ ರದ್ದು ಮಾಡಿಸಿದರೂ ಅದೇ ಕಥೆ. ಯೋಗಕ್ಷೇಮ ಕೇಳಲು ಫೋನ್ ಮಾಡಿದ ನಾದಿನಿ ಸಾಕಮ್ಮ, "ಅಕ್ಕ ಓಗಿ ಇನ್ನೂ ವರ್ಸ ತುಂಬಿಲ್ಲ, ಭಾವುನ್ಗೆ ಕುಣಿಯೋ ಆಸೆ ಬಂದದೆ" ಎಂದು ಊರೆಲ್ಲ ಹೇಳಿ, ಮಾತೇ ಬಿಟ್ಟಳು.

ಚನ್ನಯ್ಯನವರು ನಂಜನಗೂಡಿನಲ್ಲಿದ್ದ ಕಂಪನಿಯ ಅಂಗಡಿಗೆ ಹೋದರು.

"ಅದು ಆಟೋಮ್ಯಾಟಿಕ್ ರಿನ್ಯೂ ಆಗುತ್ತೆ ಸರ್" ಎಂದಳು ಕೌಂಟರಿನ ಕೋಮಲ.

"ಬಸ್ ಇಳ್ದು ಮನೆ ಸೇರಿರೋನ್ಗೆ ಟಿಕೆಟ್ ಅರೀತಾರೇನವ್ವಾ? ನಾನು ಅಂಗ್ ಮಾಡಿದ್ರೆ ಸಸ್ಪೆಂಡ್ ಮಾಡೋರು!"

"ಎರಡ್ಸಲ ಮೂವತ್ತು ಕಟ್ ಆಗಿದ್ದಕ್ಕೆ ಇಷ್ಟು ದೂರ ಬಂದ್ರಾ?"

ಕಾಲಿಗೆ ಮೆತ್ತಿದ ಹೊಲಸು ತೊಳೆದಷ್ಟೂ ಹೋಗದಿದ್ದರೆ ಆಗುವಂಥ ಹೇಸಿಗೆ ಅವರಿಗಾಯಿತು. "ನಿನ್ ಫೋನಿಂದ ನಂಗೆ ಮಾಡವ್ವ, ಸ್ಪೀಕರ್ ಹಾಕು" ಎಂದರು. ಅಂಗಡಿಯ ತುಂಬ ತಮಟೆ, ಸಿಳ್ಳೆ, ಕುಣಿತ. ನಿಂತಿದ್ದವರು ನಕ್ಕರು.

"ನನ್ ಎಂಡ್ರು ಸತ್ತವ್ಳೆ. ದುಃಖ ಕೇಳೋಕ್ ಮಾಡೋರ್ಗೆ ಇದ ಕೇಳುಸ್ತವ್ರೆ. ಬ್ಯಾಡ ಅಂದ್ರೂ ಕೇಳುಸ್ತವ್ರೆ, ಕೇಳ್ಸಿದ್ಕೆ ನಂತಾವ್ಲೇ ಕಾಸು ಕಿತ್ಕತಾವ್ರೆ."

ನಗು ನಿಂತಿತು. ಕೋಮಲ ಮೇಲಿನವರಿಗೆ ಫೋನ್ ಮಾಡಿದಳು. ಮೊದಲು ಮೆಲ್ಲಗೆ ಮಾತಾಡಿದವಳು ಆಮೇಲೆ, "ಅವರು ಕೇಳಿಲ್ಲ, ನೀವೇ ಹಾಕಿದ್ದೀರಿ!" ಎಂದು ದನಿಯೇರಿಸಿದಳು. ಹಾಡು ಹೋಯಿತು. ಅರವತ್ತು ರೂಪಾಯಿ ಹಿಂದಕ್ಕೆ ಬಂತು, ಆದರೆ ನೋಟಾಗಿ ಅಲ್ಲ, ಫೋನಿನ ಬ್ಯಾಲೆನ್ಸಾಗಿ.

"ಕದ್ದೋರು ಕದ್ದುದ್ದ ಅವ್ರ ಅಂಗ್ಡೀಲೇ ಖರ್ಚ್ ಮಾಡು ಅಂತಾರೆ. ಥೂ!" ಎಂದು ಚನ್ನಯ್ಯನವರು ಹೊರಬಂದರು.

ಮೆಟ್ಟಿಲ ಮೇಲೆಯೇ ನಿಂತು ಸಾಕಮ್ಮನಿಗೆ ಕರೆ ಮಾಡಿದರು. "ಬಯ್ಯೋದಿದ್ರೆ ಆಮೇಲ್ ಬಯ್ಯವ್ವ. ಒಂದ್ಸಲ ನೀನೇ ನಂಗೆ ಮಾಡು" ಎಂದಷ್ಟೇ ಹೇಳಿ ಇಟ್ಟರು. ಬಹಳ ಹೊತ್ತಿನ ಮೇಲೆ ಫೋನ್ ಬಡಿದುಕೊಂಡಿತು. ಅವಳು ಚೆನ್ನಾಗಿ ಕೇಳಿಸಿಕೊಳ್ಳಲಿ ಎಂದು, ಅದು ಇನ್ನೇನು ನಿಲ್ಲುತ್ತದೆ ಎನ್ನುವವರೆಗೂ ಅವರು ಎತ್ತಲಿಲ್ಲ.

"ಬರೀ ಟ್ರಿಣ್ ಟ್ರಿಣ್ ಕಣ್ ಭಾವ" ಎಂದಳು ಸಾಕಮ್ಮ. ಆಮೇಲೆ ಅಳತೊಡಗಿದಳು.